‘ವಿಕಿರಣ ಪ್ರಮಾಣ’ ಎಂದರೆ ಬೆಕೆರೆಲ್ಲೋ ಸೀವರ್ಟೋ?

ಮಂಡ್ಯ ಸೀಮೆಯ ರೈತರಿಗಾಗಿ ಸಿದ್ಧವಾಗುತ್ತಿರುವ ಒಂದು ಕಿರುಪುಸ್ತಿಕೆಯ ಕರಡನ್ನು ತಿದ್ದುತ್ತಿದ್ದೇನೆ. ಊರಲ್ಲೇ ಬೆಳೆದ ರಾಗಿ, ಭತ್ತ, ಸೊಪ್ಪುಗಳಲ್ಲಿನ ವಿಕಿರಣಪಟುತ್ವವನ್ನು, ಅಂದರೆ ತಾನಾಗಿಯೇ ವಿಕಿರಣ ಸೂಸುವ ಗುಣವನ್ನು, ಅಳೆಯುವುದು ಹೇಗೆ, ಅದರಿಂದ ಆರೋಗ್ಯಕ್ಕೇನು ಎಂಬುದು ಅದರ ವಿಷಯ. ಕರಡಿನ ಒಂದು ಪುಟದಲ್ಲಿ ‘ರಾಗಿಯ ವಿಕಿರಣ ಪ್ರಮಾಣ ಕಿಲೋಗೆ ಸುಮಾರು 120 ಬೆಕೆರೆಲ್’ ಎಂದಿದೆ. ಮುಂದಿನ ಪುಟದಲ್ಲಿ ‘ನಿಸರ್ಗದಿಂದಲೇ ಮನುಷ್ಯನಿಗೆ ತಗಲುವ ವಿಕಿರಣ ಪ್ರಮಾಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್’ ಎಂದಿದೆ. ಎರಡೂ ಕಡೆ ಪದ ಒಂದೇ ಆದ್ದರಿಂದ, 120 ಎಲ್ಲಿ, 2.4 ಎಲ್ಲಿ ಎಂದು ಓದುಗರು ಹೆದರುವುದು ಸಹಜ.

ಬೆಕೆರೆಲ್ ಹೇಳುವುದು ಪದಾರ್ಥದ ಸಂಗತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಪರಮಾಣು ಬೀಜಗಳು ಕ್ಷಯಿಸುತ್ತಿವೆ ಎಂಬುದನ್ನು. ಸೀವರ್ಟ್ ಹೇಳುವುದು ಆ ವಿಕಿರಣದಿಂದ ದೇಹಕ್ಕಾಗಬಹುದಾದ ಹಾನಿಯ ಅಂದಾಜನ್ನು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಧಾತುವಿನ ಹೆಸರು ಗೊತ್ತಿರಲೇಬೇಕು. ಅಯೋಡಿನ್-131 ಥೈರಾಯ್ಡ್ ಗ್ರಂಥಿಯನ್ನು ಸೇರುತ್ತದೆ, ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆ ಮೂಳೆಯಲ್ಲಿ ನೆಲೆಸುತ್ತದೆ, ಸೀಸಿಯಂ-137 ಮೈಯೆಲ್ಲ ಹರಡುತ್ತದೆ. ಸೀಸಿಯಂ-137 ಇರುವ ಆಹಾರದಿಂದ ವಯಸ್ಕರೊಬ್ಬರು ವರ್ಷದಲ್ಲಿ 10,000 ಬೆಕೆರೆಲ್ ಸೇವಿಸಿದರೂ ತಗಲುವುದು ಸುಮಾರು 0.13 ಮಿಲಿಸೀವರ್ಟ್.

ರಾಗಿಯ ಆ 120 ಬೆಕೆರೆಲ್ ಬಹುಮಟ್ಟಿಗೆ ಪೊಟ್ಯಾಸಿಯಂ-40ರದು, ಅಂದರೆ ಎಲ್ಲ ಪೊಟ್ಯಾಸಿಯಂನಲ್ಲೂ ನಿಸರ್ಗದಿಂದಲೇ ಅಲ್ಪವಾಗಿ ಬೆರೆತಿರುವ ವಿಕಿರಣಪಟು ರೂಪದ್ದು. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕೆರೆಲ್ ಇರುತ್ತದೆ, ಕಿಲೋ ರಾಗಿಯಲ್ಲಿ ಸುಮಾರು 4 ಗ್ರಾಂ ಪೊಟ್ಯಾಸಿಯಂ. ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರಪಿಂಡಗಳು ಹೊರಹಾಕುವುದರಿಂದ, ಮುದ್ದೆ ಹೆಚ್ಚು ಉಂಡ ಮಾತ್ರಕ್ಕೆ ಮೈಯೊಳಗಿನ ಪೊಟ್ಯಾಸಿಯಂ-40 ಏರುವುದಿಲ್ಲ. ಜಪಾನ್ 2012ರಲ್ಲಿ ಸಾಮಾನ್ಯ ಆಹಾರಕ್ಕೆ ವಿಧಿಸಿದ ಕಿಲೋಗೆ 100 ಬೆಕೆರೆಲ್ ಮಿತಿ ವಿಕಿರಣಪಟು ಸೀಸಿಯಂಗೆ ಸಂಬಂಧಿಸಿದ್ದು; ಅದನ್ನು ನಮ್ಮ ರಾಗಿಯ ಅಂಕಿಯ ಪಕ್ಕದಲ್ಲಿಟ್ಟು ‘ಮಿತಿ ಮೀರಿದೆ’ ಎನ್ನುವುದು ದೊಡ್ಡ ಅನ್ಯಾಯ. ವಿಕಿರಣವನ್ನು ಎಣಿಸುವ ಗೈಗರ್ ಯಂತ್ರವನ್ನು ರಾಶಿಯ ಮೇಲೆ ಹಿಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಧಾನ್ಯವನ್ನು ಒಣಗಿಸಿ, ಪುಡಿಮಾಡಿ, ಡಬ್ಬಿಯಲ್ಲಿ ಮುಚ್ಚಿ, ಗ್ಯಾಮಾ ರೋಹಿತಮಾಪಕದಲ್ಲಿಟ್ಟರೆ ಯಾವ ಧಾತು ಎಷ್ಟಿದೆ ಎಂದು ಬೇರೆಬೇರೆಯಾಗಿ ಕಾಣುತ್ತದೆ. ಗ್ಯಾಮಾ ಕಿರಣ ಸೂಸದ ಸ್ಟ್ರಾನ್ಷಿಯಂ-90ಕ್ಕೆ ಮಾತ್ರ ರಾಸಾಯನಿಕವಾಗಿ ಬೇರ್ಪಡಿಸುವ ಪ್ರತ್ಯೇಕ ವಿಧಾನವೇ ಬೇಕು.

ಹೀಗಾಗಿ ಬೆಕೆರೆಲ್ ಬಂದಲ್ಲೆಲ್ಲ ‘ವಿಕಿರಣಪಟುತ್ವ’ ಎಂದೂ ಸೀವರ್ಟ್ ಬಂದಲ್ಲೆಲ್ಲ ‘ವಿಕಿರಣ ಡೋಸು’ ಎಂದೂ ತಿದ್ದಬೇಕೆಂದಿದ್ದೇನೆ. ಡೋಸಿನ ಬದಲು ‘ಮಾತ್ರೆ’ ಎನ್ನೋಣವೆಂದರೆ, ಅದಕ್ಕೆ ಅಳತೆ ಎಂಬ ಹಳೆಯ ಅರ್ಥವಿದ್ದರೂ ಇಂದು ಅದು ಗುಳಿಗೆಯೇ ಆಗಿಬಿಟ್ಟಿದೆ, ಡೋಸು ಎಂದರೆ ಹಳ್ಳಿಯಲ್ಲೂ ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ತೊಡಕು ‘ವಿಕಿರಣಗೊಂಡ ಆಹಾರ’ ಎಂಬುದರದು. ಮೊಳಕೆ ತಡೆಯಲು ಈರುಳ್ಳಿಗೆ ಕೋಬಾಲ್ಟ್-60ರ ಗ್ಯಾಮಾ ಕಿರಣ ಹಾಯಿಸಿದರೆ ಈರುಳ್ಳಿ ವಿಕಿರಣಪಟುವಾಗುವುದಿಲ್ಲ, ಆದರೆ ಕರಡಿನಲ್ಲಿ ಸೀಸಿಯಂ ಸೇರಿದ ಆಹಾರಕ್ಕೂ ಇದೇ ಮಾತು ಬಳಕೆಯಾಗಿದೆ. ಮೊದಲನೆಯದಕ್ಕೆ ‘ಕಿರಣ ಹಾಯಿಸಿದ’ ಎಂದರೆ ಸಾಕೆನಿಸುತ್ತದೆ. ಎರಡನೆಯದಕ್ಕೆ ‘ವಿಕಿರಣಪಟು ಧಾತು ಬೆರೆತ’ ಎಂಬುದಕ್ಕಿಂತ ಚಿಕ್ಕದಾದ, ಅಷ್ಟೇ ಖಚಿತವಾದ ಪದವನ್ನು ಯಾರಾದರೂ ಪಾಠದಲ್ಲೋ ಬರಹದಲ್ಲೋ ಬಳಸಿದ್ದೀರಾ?