ಸ್ಪಿಟ್‌ಫೈರ್ ಹಿಡಿದ್ರೆ ಸೋಲೇ, ಎಂತ ಮಾಡುದು?

ಕದ್ರಿಯವ: ಹೊರಗೆ ಮಳೆ, ಹಾಗೆ ದೋಸ್ತಿಯೊಟ್ಟಿಗೆ ಮನೆಲೇ 1940ರ ಬ್ರಿಟನ್ ಯುದ್ಧದ ಬೋರ್ಡ್ ಗೇಮ್ ಆಡುದು, ನಂದು ಬ್ರಿಟಿಷರ ಫೈಟರ್ ವಿಮಾನ ಸ್ಪಿಟ್‌ಫೈರ್, ಅವಂದು ಜರ್ಮನರ ಮೆಸ್ಸರ್‌ಸ್ಮಿಟ್ 109, ಇನ್ನೇನು ಹೊಡೀಬೇಕು ಅನ್ನುವಾಗ ಅವ ಮೂಗು ತಗ್ಗಿಸಿ ಪರಾರಿ, ನಂಗೆ ಹಾಗೆ ಮಾಡ್ಲಿಕ್ಕೆ ರೂಲ್ ಬಿಡುದಿಲ್ಲ. ಮೋಸ ಅಲ್ವಾ ಮಾರ್ರೆ?

ಮಲ್ಪೆ ಭಾವ: ಮೋಸ ಎಂತದೂ ಇಲ್ಲ, ನಿಜವಾಗ್ಲೂ ಹಾಗೇ ಇತ್ತು. ಸ್ಪಿಟ್‌ಫೈರ್‌ನ ಮೆರ್ಲಿನ್ ಇಂಜಿನಿಗೆ ಪೆಟ್ರೋಲ್-ಗಾಳಿ ಬೆರೆಸ್ಲಿಕ್ಕೆ ಕಾರ್ಬ್ಯುರೇಟರ್, ಸಡನ್ ಮೂಗು ತಗ್ಗಿಸಿದ್ರೆ ಅದರಲ್ಲಿ ಪೆಟ್ರೋಲ್ ಹರಿವು ತಪ್ಪಿ ಇಂಜಿನ್ ಕೆಮ್ಮಿ ನಿಲ್ತದೆ, 109ಕ್ಕೆ ಪೆಟ್ರೋಲನ್ನು ಒತ್ತಿ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಉಂಟು, ಹಾಗೆ ಅದಕ್ಕೆ ತೊಂದ್ರೆ ಇಲ್ಲ. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಅಂತ ಇಂಜಿನಿಯರಮ್ಮ ಪೆಟ್ರೋಲ್ ಹೋಗುವ ದಾರಿಗೆ ಒಂದು ತೂತಿನ ಬಿಲ್ಲೆ ಹಾಕಿ ಸುಮಾರು ಸರಿಮಾಡಿದ್ರು. ನೀವು ಉಲ್ಟಾ ತಿರುಗಿಸಿ ಡೈವ್ ಹೊಡೀರಿ, ಆಗಿನ ಪೈಲಟ್‌ಗಳೂ ಅದನ್ನೇ ಮಾಡ್ತಿದ್ದದ್ದು.

ಮಣಿಪಾಲ್ ಹುಡುಗ: ಲಂಡನ್ ಮೇಲೆ 109ಕ್ಕೆ ಹತ್ತು ನಿಮಿಷ ಕಾದಾಡುವಷ್ಟು ಪೆಟ್ರೋಲೂ ಕಷ್ಟ, ಅದು ಖಾಲಿಯಾಗುವವರೆಗೆ ಸುಮ್ನೆ ಎಳೆದಾಡಿಸಿ.

ಕದ್ರಿಯವ: ಉಲ್ಟಾ ಹೊಡೆದೆ, ಸಿಕ್ಕಿದ! ಆದ್ರೆ ಅವ ಸಿಟ್ಟಲ್ಲಿ ಕೈ ಬೀಸಿ ನನ್ನ ಸ್ಪಿಟ್‌ಫೈರ್ ಗೋಳಿಬಜೆಯ ಚಟ್ನಿಗೆ ಬಿತ್ತು.