ಡ್ರೈವ್ ಆಕ್ಸಲ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್) ಮನೆಯಲ್ಲೇ ಬದಲಿಸಿದವರು ಇದ್ದೀರಾ?

ಸಾಗರದವ: ಹಳೇ ಸ್ವಿಫ್ಟ್, 1.4 ಲಕ್ಷ ಕಿ.ಮೀ. ಓಡಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಎಡಚಕ್ರದಲ್ಲಿ ಕಟಕಟ. ಆಕ್ಸಲ್ ಜಾಯಿಂಟಿನ ರಬ್ಬರ್ ಕವಚ, ಅದೇ ಬೂಟು, ಹರಿದು ಗ್ರೀಸೆಲ್ಲ ರಿಮ್ಮಿನ ಒಳಮೈಗೆ ರಾಚಿದೆ. ಗ್ಯಾರೇಜಿನವರು ಎರಡೂ ಕಡೆ ಬದಲಿಸಿ ಅಂತಾರೆ. ಒಂದು ಸಾಲದಾ? ನಾನೇ ಮಾಡಬಹುದಾ?

ಗಾಡಿಮರುಳ, ಮೈಸೂರು: ಧಾರಾಳವಾಗಿ. ನಮ್ಮ ವ್ಯಾಗನಾರ್‌ಗೆ ಅಂಗಳದಲ್ಲೇ ಹಾಕಿದೆ. ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಆಕ್ಸಲ್ 4,800. ಆಮೇಲೆ ಶುರು ನೋಡಿ: ಹಬ್ ನಟ್ಟಿನ (ಚಕ್ರದ ನಡುವೆ ಆಕ್ಸಲ್ ಹಿಡಿದಿಡುವ ನಟ್ಟು) ಸಾಕೆಟ್ 450, ಅದನ್ನು ತಿರುಗಿಸೋ ಉದ್ದ ಬ್ರೇಕರ್ ಬಾರ್ 900, ಅಳತೆಗೆ ಸರಿಯಾಗಿ ಬಿಗಿಯೋ ಟಾರ್ಕ್ ವ್ರೆಂಚ್ ಬಾಡಿಗೆ 300, ಹೊಸ ನಟ್ಟು 120, ಗೇರ್ ಆಯಿಲ್ 900. ಹಳೇ ನಟ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ಚಕ್ರ ನೆಲದಲ್ಲಿರುವಾಗಲೇ ಮಗಳ ಕೈಲಿ ಬ್ರೇಕ್ ಒತ್ತಿಸಿ, ಬಾರಿಗೆ ನೀರಿನ ಪೈಪು ತೊಡಿಸಿ ಅದರ ಮೇಲೇ ನಿಂತೆ. ಟಣ್ ಅಂತ ಬಿಟ್ಟಿತು! ಗ್ಯಾರೇಜಲ್ಲಿ 11,000 ಕೇಳಿದ್ದರು.

ಹುಬ್ಬಳ್ಳಿ ಮಂದಿ: ಇಡೀ ಆಕ್ಸಲ್ ಯಾಕ್ರಿ? ತಿರುವಿನಾಗ ಸದ್ದು ಬರೂದು ಆಕ್ಸಲ್ಲಿನ ಹೊರಗಿನ, ಚಕ್ರದ ಕಡೆ ಜಾಯಿಂಟಿಂದ. ನಾ ಅದೊಂದೇ ತಂದು ಹಾಕೇನಿ, ಬೂಟು, ಗ್ರೀಸು ಕೂಡಿ 2,100. ಅದಕ್ಕಿಂತ ಮೊದಲ ಗ್ಯಾರೇಜಿನ ಹುಡುಗ ಶಾಫ್ಟ್ ಜಗ್ಗಿ ಗೇರ್‌ಬಾಕ್ಸಿನ ಆಯಿಲ್ ಸೀಲ್ ಹರದಿದ್ದ. ಅಷ್ಟ ಸಣ್ಣ ಸೀಲಿಗೆ ಮತ್ತ ಎಲ್ಲಾ ಬಿಚ್ಚೂದು, ಆಯಿಲ್ ಬ್ಯಾರೆ, ಲೇಬರ್ 1,800 ನಮ್ಮ ತಲಿ ಮ್ಯಾಲೆ. ಜಾಯಿಂಟ್ ಬಿಡಲಿಲ್ಲಂದ್ರ ಹಿತ್ತಾಳಿ ಪಂಚ್ ಇಟ್ಟು ಎರಡು ಏಟು ಹಾಕ್ರಿ, ಸಾಕು.

ಗಾಡಿಮರುಳ, ಮೈಸೂರು: ಸುತ್ತಿಗೆ ಏಟಾ? ತುದಿಯ ಥ್ರೆಡ್ಡು ಚಪ್ಪಟೆಯಾದರೆ ನಟ್ಟು ಕೂರುತ್ತಾ? ಇಂಥ ಸಲಹೆಯಿಂದಲೇ ಗಾಡಿಗಳು ಹಾಳಾಗೋದು.

ಹುಬ್ಬಳ್ಳಿ ಮಂದಿ: ಹಿತ್ತಾಳಿ ಅಂದೇನಿ, ಓದೂದಕ್ಕ ಬರತೈತಿಲ್ಲೋ? ಏಟು ಬೀಳೂದು ಜಾಯಿಂಟಿನ ಒಳಗಿನ ರೇಸಿಗೆ, ಅಂದ್ರ ಒಳಗಿನ ಬಳಿಗೆ, ಥ್ರೆಡ್ಡಿಗಲ್ಲ.

ಘಾಟಿ ಡ್ರೈವರ್, ಸಕಲೇಶಪುರ: ಇಬ್ಬರೂ ಸುಮ್ಮನಿರಿ. ನನಗೆ ಒಬ್ಬ ಅಂಗಡಿಯವ ರೀಕಂಡೀಷನ್ ಆಕ್ಸಲ್ಲಿಗೆ ಕಪ್ಪು ಪೇಂಟ್ ಬಳಿದು ಹೊಸದು ಅಂತ 3,500ಕ್ಕೆ ದಾಟಿಸಿದ. ಶಿರಾಡಿ ಘಾಟಿ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಇಡೀ ಗಾಡಿಗೆ ನಡುಕ, ಕಾಲು ತೆಗೆದರೆ ಮಾಯ. ಗೇರ್‌ಬಾಕ್ಸ್ ಕಡೆಯ ಒಳಜಾಯಿಂಟ್ ಸವೆದಿತ್ತು. ಬಿಲ್ಲೂ ಇಲ್ಲ, ಗ್ಯಾರಂಟಿಯೂ ಇಲ್ಲ. ಸದ್ದಿಲ್ಲದ ಕಡೆ ಕೈ ಹಾಕಬೇಡಿ ಸಾಗರದವರೇ, ಬೂಟು ನೋಡಿಕೊಂಡರೆ ಸಾಕು. ಮತ್ತೆ ಶಾಫ್ಟ್ ಹಿಡಿದು ಎಳೀಬೇಡಿ, ಗೇರ್‌ಬಾಕ್ಸ್ ಬುಡದಲ್ಲಿ ಮೀಟಿ ತೆಗೀರಿ. ಅಂದಹಾಗೆ ಮೈಸೂರಿನವರ ಲೆಕ್ಕ ಕೂಡಿದರೆ 7,470. ಮೂರೂವರೆ ಸಾವಿರ ಉಳಿಸಿದ್ದಕ್ಕೆ ಇಷ್ಟು ಜಂಬವೇ?

ಗಾಡಿಮರುಳ, ಮೈಸೂರು: ಟೂಲ್ಸ್ ನನ್ನ ಹತ್ತಿರವೇ ಉಳಿದಿಲ್ಲವಾ ಸ್ವಾಮಿ?

ಹುಬ್ಬಳ್ಳಿ ಮಂದಿ: ಹಂಗಾರ ಸಾಕೆಟ್ ಸಾಗರಕ್ಕ ಕೊಟ್ಟು ಕಳಸ್ರಿ.

ಗಾಡಿಮರುಳ, ಮೈಸೂರು: ಸಲಹೆ ಎಷ್ಟು ಬೇಕಾದರೂ ಕೊಡ್ತೀನಿ. ಸಾಕೆಟ್ ಯಾರಿಗೂ ಕೊಡಲ್ಲ.