ಪದಚರ್ಚೆ: ಬಂಕ್ ಬೆಡ್‌ಗೆ ಏನನ್ನೋಣ? ಬೆಡ್‌ಶೀಟ್ ಅಂದರೆ ಹಾಸೋದಾ, ಹೊದೆಯೋದಾ?

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತದೆ. ಮಕ್ಕಳು ರಾತ್ರಿಯೂ ಅಲ್ಲೇ ಉಳಿಯುತ್ತಾರೆ. ಏನೇನು ತರಬೇಕು, ಮಲಗುವ ಜಾಗವನ್ನು ಹೇಗೆ ಅಣಿ ಮಾಡಿಕೊಳ್ಳಬೇಕು ಅಂತ ಮನೆಯವರಿಗೊಂದು ಹಾಳೆ ಕೊಡಬೇಕು. ಅದನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯಲು ಕೂತರೆ ಸಾಲು ಸಾಲಿಗೂ ಪದಕ್ಕೆ ತಡಕಾಟ.

ಮೊದಲು ಬಂಕ್ ಬೆಡ್. ಒಂದರ ಮೇಲೊಂದು ಕೂರಿಸಿದ ಕಬ್ಬಿಣದ ಮಂಚ, ಹತ್ತೋಕೆ ಪಕ್ಕದಲ್ಲಿ ಏಣಿ. ಸುಮ್ನೆ ‘ಬಂಕ್’ ಅಂತಲೇ ಬರೆಯೋಣ ಅಂದರೆ, ನಮ್ಮಲ್ಲಿ ಬಂಕ್ ಅಂದರೆ ಪೆಟ್ರೋಲ್ ಹಾಕಿಸುವ ಜಾಗ. ಇಲ್ಲವೇ ಕ್ಲಾಸಿಗೆ ಚಕ್ಕರ್ ಹೊಡೆಯೋದು. ‘ನಿಮ್ಮ ಮಗುವಿಗೆ ಒಂದು ಬಂಕ್ ಕೊಡುತ್ತೇವೆ’ ಅಂತ ಓದಿದ ಅಪ್ಪಂದಿರು ಜಾಸ್ತಿ ಖುಷಿಪಟ್ಟಾರು! ‘ದ್ವಿಸ್ತರ ಮಂಚ’ ಅನ್ನುವ ಸಲಹೆಯೂ ಬಂತು. ಅದು ಟೆಂಡರ್ ನೋಟಿಸಿಗೆ ಸರಿ, ಮಕ್ಕಳ ಹಾಳೆಗೆ ಬೇಡ.

‘ಬರ್ತ್’ ಅನ್ನಬಹುದೇ? ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಆದರೂ ಸ್ಲೀಪರ್ ಬಸ್ಸಿನ ಪುಣ್ಯದಿಂದ ಅಪ್ಪರ್, ಲೋಯರ್ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಬರ್ತ್ ಅಂದಕೂಡಲೇ ಪ್ರಯಾಣವೇ ನೆನಪಾಗುತ್ತದೆ. ಅಲುಗಾಡದ ಬರ್ತ್ ಅನ್ನೋದು ಯಾಕೋ ಒಗ್ಗುತ್ತಿಲ್ಲ.

ನನ್ನ ಒಲವು ‘ಅಟ್ಟದ ಮಂಚ’ದ ಕಡೆಗೆ. ಅಟ್ಟ ಅಂದರೆ ಮೇಲಿದೆ, ಏಣಿ ಹತ್ತಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ‘ಅಟ್ಟದಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದರು’ ಅನ್ನುವ ಗಾದೆಯೂ ಇರುವುದರಿಂದ ಬೀಳುವ ಭಯವೂ ಅದರಲ್ಲೇ ಬಂತು. ತೊಡಕು ಒಂದೇ. ಹಳೇ ಮನೆ ನೋಡಿದವರಿಗೆ ಅಟ್ಟ ಅಂದರೆ ಹೊಗೆ, ಕತ್ತಲೆ, ಒಡಕು ಪಾತ್ರೆ, ಇಲಿ. ಗದ್ದೆ ಕಾಯೋಕೆ ಕಂಬ ನೆಟ್ಟು ಕಟ್ಟುವ ಅಟ್ಟಣೆಗೆ ಮಲೆನಾಡಿನಲ್ಲಿ ‘ಮಾಳ’ ಅನ್ನುತ್ತಾರಲ್ಲ, ಅದು ಮಕ್ಕಳಿಗೆ ಇಷ್ಟವಾದೀತು. ಆದರೆ ಬಯಲುಸೀಮೆ ಕಡೆಯವರಿಗೆ ಗೊತ್ತಾಗುತ್ತದೆಯೇ? ಕಡೂರು, ಅರಸೀಕೆರೆ ಕಡೆಯವರು ಹೇಳಬೇಕು.

ಇನ್ನು ಮೇಲೆ ಮಲಗಿದವರು ಉರುಳದಂತೆ ಅಂಚಿಗೆ ಹಾಕಿರುವ ಅಡ್ಡಪಟ್ಟಿ. ಅಮೆರಿಕದಲ್ಲಿ ಇದಕ್ಕೆ 1999ರಲ್ಲಿ ನಿಯಮವನ್ನೇ ಮಾಡಿದರು. ಹಾಸಿಗೆ ಹಾಕಿದ ಮೇಲೂ ಪಟ್ಟಿ ಅದಕ್ಕಿಂತ ಕನಿಷ್ಠ 5 ಇಂಚು ಎತ್ತರಕ್ಕೆ ನಿಲ್ಲಬೇಕು. 6 ವರ್ಷದೊಳಗಿನವರನ್ನು ಮೇಲೆ ಮಲಗಿಸಬಾರದು ಅನ್ನುವ ಎಚ್ಚರಿಕೆ ಮಂಚದ ಮೇಲೇ ಇರಬೇಕು. ಮನೆಯಿಂದ ದಪ್ಪ ಹಾಸಿಗೆ ತಂದು ಹಾಕಿದರೆ ಮಗು ಪಟ್ಟಿಯ ಮಟ್ಟಕ್ಕೇ ಬಂದುಬಿಡುತ್ತದೆ. ಹಾಗಾಗಿ ಈ ಮಾತು ಹಾಳೆಯಲ್ಲಿ ಇರಲೇಬೇಕು. ಪದ ಯಾವುದು? ‘ಕಟಕಟೆ’ ಸರಿಯಾದ ಪದವೇ, ಆದರೆ ಈಗ ಅದು ಕೋರ್ಟಿನ ಸೊತ್ತು. ಹಳೇ ಮನೆಯ ಜಗುಲಿಯ ಅಂಚಿಗೆ ಇರುತ್ತಿದ್ದ ಮರದ ತಡೆ, ‘ಕಟಾಂಜನ’, ನನಗೆ ಬಹಳ ಇಷ್ಟ. ಇಂದಿನ ಅಪ್ಪ ಅಮ್ಮಂದಿರಿಗೆ ಅರ್ಥವಾಗುತ್ತದೆಯೇ ಅನ್ನೋದೇ ಅನುಮಾನ.

ಇವೆಲ್ಲಕ್ಕಿಂತ ಗೋಜಲು ಮಾಡುವ ಪದ ಬೆಡ್‌ಶೀಟ್. ಹಳೆಯ ಹಾಳೆಯಲ್ಲಿ ‘ಬೆಡ್‌ಶೀಟ್ 2’ ಅಂತಿದೆ. ನಮ್ಮ ಕಡೆ ‘ಚಳಿ ಆಗ್ತಿದೆ, ಬೆಡ್‌ಶೀಟ್ ಹೊದ್ಕೋ’ ಅನ್ನೋದು ದಿನದ ಮಾತು. ಅಂಗಡಿಯಲ್ಲಿ ಅದೇ ಪದ ಹಾಸಿಗೆಯ ಮೇಲೆ ಹಾಸುವ ಬಟ್ಟೆಗೆ. ಹೀಗಾಗಿ ಕೆಲವರು ಎರಡನ್ನೂ ಹೊದೆಯೋಕೆ ಕಳಿಸುತ್ತಾರೆ, ಕೆಲವರು ಎರಡನ್ನೂ ಹಾಸೋಕೆ. ಏಪ್ರಿಲ್ ಕೊನೆಯಲ್ಲಿ ಸಂಜೆ ಗುಡುಗು ಮಳೆ ಹೊಡೆದರೆ ರಾತ್ರಿ ಇಲ್ಲಿ ಥಂಡಿ. ಬರೀ ತೆಳ್ಳನೆಯ ಬಟ್ಟೆ ತಂದ ಮಗು ಮುದುರಿಕೊಂಡು ಮಲಗಬೇಕಾಗುತ್ತದೆ.

ಕನ್ನಡಕ್ಕೆ ಈ ಗೊಂದಲ ಇರಲೇ ಇಲ್ಲ, ಅಲ್ವಾ? ಹಾಸೋದು ಬೇರೆ, ಹೊದೆಯೋದು ಬೇರೆ. ‘ಹಾಸಿ ಹೊದೆಯುವಷ್ಟು ಬಡತನ’ ಅಂತ ಒಂದೇ ಉಸಿರಿಗೆ ಎರಡನ್ನೂ ಬೇರೆ ಮಾಡಿ ಹೇಳುವ ಭಾಷೆ ಇದು. ಹಾಗಾಗಿ ಹಾಳೆಯಲ್ಲಿ ‘ಹಾಸೋಕೆ 1 ಬಟ್ಟೆ, ನಾಲ್ಕೂ ಅಂಚು ಹಾಸಿಗೆಯಡಿ ಸಿಕ್ಕಿಸುವಷ್ಟು ದೊಡ್ಡದು. ಹೊದೆಯೋಕೆ 1 ದಪ್ಪ ಹೊದಿಕೆ’ ಅಂತ ಬರೆದಿದ್ದೇನೆ. ಹೊದಿಕೆ ಬದಲು ‘ರಗ್ಗು’ ಅನ್ನಬಹುದು. ಹಾಸನದ ಕಡೆ ಅದೇ ಬಳಕೆ. ‘ದುಪ್ಪಟಿ’ ಇನ್ನೂ ಚೆನ್ನ, ಆದರೆ ಒಂದೊಂದು ಊರಿನಲ್ಲಿ ಅದರ ದಪ್ಪ ಒಂದೊಂದು. ನಿಮ್ಮಲ್ಲಿ ದುಪ್ಪಟಿ ಎಷ್ಟು ದಪ್ಪ?

‘ಹಾಸಿಗೆ ಸುತ್ತಿಡಿ’ ಅನ್ನುವುದನ್ನೂ ಕೇಳಬೇಕಿತ್ತು. ನೆಲದ ಮೇಲೆ ಮಲಗುವ ಮನೆಯಲ್ಲಿ ಅದು ಸರಿಯಾದ ಮಾತು. ಶಿಬಿರದಲ್ಲಿ ಬೆಳಿಗ್ಗೆ ಹಾಗಂದರೆ, ಮೂಡಿಗೆರೆ ಕಡೆಯ ಒಬ್ಬ ಹುಡುಗ ಮೇಲಿನ ಮಂಚದಲ್ಲಿ ಮಂಡಿಯೂರಿ ಇಡೀ ನಾರಿನ ಹಾಸಿಗೆಯನ್ನೇ ಸುತ್ತೋಕೆ ಹೊರಟ. ಅರ್ಧ ಸುತ್ತಿದ್ದು ಪಟ್ ಅಂತ ಬಿಚ್ಚಿಕೊಂಡು ಅವನನ್ನೇ ಗೋಡೆಗೆ ಒತ್ತಿತು. ಅವನ ತಪ್ಪೇನೂ ಇಲ್ಲ, ಹೇಳಿದ್ದನ್ನೇ ಮಾಡಿದ. ‘ಹೊದಿಕೆ ಮಡಚಿ ಕಾಲ ಬಳಿ ಇಡಿ, ಹಾಸಿದ್ದನ್ನು ಕೊಡವಿ ಸರಿಮಾಡಿ’ ಅಂತ ಬಿಡಿಸಿ ಬರೆದರೆ ಉದ್ದವಾಗುತ್ತದೆ. ಚಿಕ್ಕದಾಗಿ ಹೇಳುವ ಮಾತು ನಿಮ್ಮ ಮನೆಯಲ್ಲಿ ಇದೆಯೇ? ‘ಹಾಸಿಗೆ ಓರಣ ಮಾಡಿ’ ಅನ್ನೋದು ಹೊಳೆದಿದೆ. ಸ್ವಲ್ಪ ಪಾಠದ ಪುಸ್ತಕದ ವಾಸನೆ ಹೊಡೆಯುತ್ತದೆ.

ದಿಂಬು, ಸೊಳ್ಳೆ ಪರದೆ, ಟಾರ್ಚ್‌ಗೆ ತಕರಾರಿಲ್ಲ. ದಯವಿಟ್ಟು ನಿಘಂಟು ನೋಡಿ ಹೇಳಬೇಡಿ, ನಿಮ್ಮ ಮನೆಯಲ್ಲಿ ಆಡುವ ಪದವನ್ನು ಊರಿನ ಹೆಸರಿನ ಜೊತೆ ಬರೆಯಿರಿ. ಹಾಳೆ ಬರುವ ಸೋಮವಾರ ಅಚ್ಚಿಗೆ ಹೋಗುತ್ತದೆ. ಅಷ್ಟರಲ್ಲಿ ಬೇರೇನೂ ಸಿಗದಿದ್ದರೆ ‘ಅಟ್ಟದ ಮಂಚ’ ಅಂತಲೇ ಹಾಕಿಸುತ್ತೇನೆ.